ಅಟ್ಟದ ಕೋಣೆಯ ಅಡ್ಡತೊಲೆ

ಹೊಳೆದಂಡೆಯ ಒಂದು ಆಶ್ರಮ. ಅಲ್ಲಿ ಸಾಂಬಯ್ಯ ಎಂಬ ಗುರು, ಕೊಟ್ರೇಶ ಎಂಬ ಶಿಷ್ಯ. ಶಿಷ್ಯ ಓದಿನಲ್ಲಿ ಚುರುಕು, ಹಟದಲ್ಲಿ ಅದಕ್ಕಿಂತ ಒಂದು ಕೈ ಮೇಲು.

ಹುಟ್ಟಿದಾಗಿನಿಂದ ಹತ್ತು ಜನರ ನಡುವೆ ಮಲಗಿದವನು. ತನ್ನದು ಅಂತ ಒಂದು ಕೋಣೆಗಾಗಿ ಜೀವ ಬಿಡುತ್ತಿದ್ದ. ಅಡುಗೆಮನೆಯ ಅಟ್ಟದಲ್ಲಿ ಹುಣಸೆಹಣ್ಣಿನ ಗಡಿಗೆಗಳಿದ್ದವು. ಅವನ್ನು ಇಳಿಸಿ, ಅಲ್ಲೊಂದು ಕೋಣೆ ಮಾಡಿಕೊಳ್ಳಲೇ ಎಂದು ಕೇಳಿದ.

"ಮಾಡಿಕೊ," ಎಂದರು ಗುರುಗಳು.

ಬಡಗಿಯನ್ನೂ ಕರೆಯದೆ ತಾನೇ ಮಾಡಿಕೊಂಡ. ಹಲಗೆ ಹಾಸಿದ, ಕಿಟಕಿ ಇಟ್ಟ, ಪುಸ್ತಕಗಳಿಗೂ ಜಾಗ ಆಯಿತು. ಅವನ ಖುಷಿ ಕೇಳಬೇಡಿ.

ಮೊದಲ ಮಳೆಗೇ ಮಾಡಿನ ಹೆಂಚುಗಳು ಸಾಲು ತಪ್ಪಿದವು. ಒಂದು ಕಡೆ ಬಾಯಿ ಬಿಟ್ಟವು, ಇನ್ನೊಂದು ಕಡೆ ಒಂದರ ಮೇಲೊಂದು ಹತ್ತಿ ಕೂತವು. ನೀರು ಸೋರಿ ಕೆಳಗೆ ಸಾರಿನ ಪಾತ್ರೆಗೆ ಬಿತ್ತು.

"ಸಾರಿಗೆ ನೀರು ನಾನೇ ಹಾಕ್ಕೊಳ್ತೀನಪ್ಪ," ಎಂದಳು ಅಡುಗೆಯ ಗಂಗವ್ವ. "ಆ ಕೋಣೆ ಬಿಚ್ಚು. ನನ್ನ ಗಡಿಗೆ ಮೇಲೆ ಹೋಗಲಿ."

ಕೊಟ್ರೇಶ ಮಾಡು ಹತ್ತಿ ಹೆಂಚು ಸರಿಮಾಡಿದ. ಜಾರಿದವು. ಹೊಸ ಹೆಂಚು ಹೊದಿಸಿದ. ಅವೂ ಜಾರಿದವು. ಕೊನೆಗೆ ಗುರುಗಳ ಹತ್ತಿರ ಬಂದ.

"ಹೆಂಚೇ ಸರಿಯಿಲ್ಲ ಗುರುಗಳೇ. ಸುಟ್ಟವನು ನೆಟ್ಟಗೆ ಸುಟ್ಟಿಲ್ಲ."

"ನಿನ್ನ ಕೋಣೆ ತೋರಿಸು."

"ಕೆಟ್ಟಿರೋದು ಮಾಡು, ಕೋಣೆಯಲ್ಲ."

ಸಾಂಬಯ್ಯ ಆಗಲೇ ಏಣಿ ಹತ್ತುತ್ತಿದ್ದರು. ಮೇಲೆ ಬಂದವರು ಹೆಂಚಿನ ಕಡೆ ಕಣ್ಣೆತ್ತಲಿಲ್ಲ. ಕಿಟಕಿಯತ್ತ ನಡೆಯುತ್ತಾ, ಕೋಣೆಯ ನಡುವೆ ಒಂದು ಕಡೆ ತಲೆ ತಗ್ಗಿಸಿ, ಸೊಂಟ ಬಗ್ಗಿಸಿ ದಾಟಿದರು.

ಕೊಟ್ರೇಶನಿಗೆ ನಗು ಬಂತು. "ಅಲ್ಲೇನೂ ಇಲ್ವಲ್ಲ, ಯಾಕೆ ಬಗ್ಗಿದಿರಿ?"

"ಹುಣಸೆಹಣ್ಣು ತಗೊಳ್ಳೋಕೆ ಬಂದಾಗಲೆಲ್ಲ ಇಲ್ಲಿ ಬಗ್ಗುತ್ತಿದ್ದೆ. ಬೆನ್ನು ಇನ್ನೂ ಮರೆತಿಲ್ಲ."

"ಓ, ಅಡ್ಡತೊಲೆ ಇತ್ತು. ಓಡಾಡುವಾಗ ತಲೆಗೆ ಬಡೀತಿತ್ತು. ತೆಗೆದುಬಿಟ್ಟೆ."

"ಎಲ್ಲಿದೆ?"

ಅವನು ಗೋಡೆಯ ಬುಡ ತೋರಿಸಿದ. ಉದ್ದನೆಯ ತೊಲೆಯ ಮೇಲೆ ಪುಸ್ತಕಗಳು ಸಾಲಾಗಿ ಕೂತಿದ್ದವು.

ಗುರುಗಳು ಎರಡೂ ಕೈಗಳ ಬೆರಳ ತುದಿ ಕೂಡಿಸಿ, ಮಾಡಿನ ಹಾಗೆ ಇಳಿಜಾರಾಗಿ ಹಿಡಿದರು. "ಮೇಲಿಂದ ಒತ್ತು."

ಕೊಟ್ರೇಶ ಒತ್ತಿದ. ಕೈಗಳು ಬುಡದಲ್ಲಿ ಆಚೀಚೆ ಸರಿದವು. ನೆತ್ತಿ ಕುಸಿಯಿತು.

ಅವನು ಗೋಡೆಯ ಬುಡದ ತೊಲೆಯ ಕಡೆ ತಿರುಗಿದ. "ಮಾಡಿನ ಎರಡೂ ಕಡೆ ಸರಿಯದ ಹಾಗೆ ಹಿಡಿದಿದ್ದು ಇದೇ. ಹೆಂಚು ಸುಟ್ಟವನನ್ನು ಸುಮ್ಮನೆ ಬೈದೆ," ಎಂದ. ಆಮೇಲೆ, "ತೊಲೆ ವಾಪಸ್ ಹಾಕಿದರೆ ದಿನಾ ಬಗ್ಗಬೇಕಲ್ಲ ಗುರುಗಳೇ."

"ಕೋಣೆ ಬೇಕೋ, ಬೇಡವೋ?"

"ಬೇಕು."

ಗುರುಗಳು ಬಡಗಿಗೆ ಹೇಳಿ ಕಳಿಸಿದರು. ಅವನು ಬಂದು ಮಾಡನ್ನು ಹಗ್ಗದಿಂದ ಒಳಕ್ಕೆ ಎಳೆದು, ತೊಲೆಯನ್ನು ಮೊದಲಿದ್ದ ಜಾಗಕ್ಕೇ ಕೂರಿಸಿದ. ಹೆಂಚುಗಳು ಹೇಳಿದ ಮಾತು ಕೇಳಿದವು.

ಮತ್ತೆ ಮಳೆ ಬಂತು. ಕೊಟ್ರೇಶ ಮೇಲೆ ಕೂತು, ಮಳೆಯ ಸದ್ದಿನಲ್ಲಿ ಹಾಯಾಗಿ ಓದುತ್ತಿದ್ದ. ಗಂಗವ್ವ ಊಟಕ್ಕೆ ಕರೆದಳು. ಗಡಿಬಿಡಿಯಿಂದ ಎದ್ದು ಹೊರಟವನ ಹಣೆ ತೊಲೆಗೆ ಬಡಿಯಿತು.

"ಏನದು ಸದ್ದು?" ಕೆಳಗೆ ಊಟಕ್ಕೆ ಕೂತಿದ್ದ ಗುರುಗಳು ಕೇಳಿದರು.

"ತೊಲೆ ಬಡೀತು ಗುರುಗಳೇ."

"ಮಾಡು ಸೋರ್ತಿದೆಯಾ?"

ಕೊಟ್ರೇಶ ಹಣೆ ಉಜ್ಜಿಕೊಳ್ಳುತ್ತಾ ಮೇಲೆ ನೋಡಿದ. "ಒಂದು ಹನಿಯೂ ಇಲ್ಲ."

"ತೊಲೆ ತನ್ನ ಕೆಲಸ ಮಾಡ್ತಿದೆ. ನೀನು ಬಗ್ಗಿ ಬಾ, ಊಟ ಆರ್ತಿದೆ."