ಫ್ರಿಜ್ಜಿನ ಮುಂದಿನ ಚಪ್ಪಲಿ

ಹಳೆಯ ಮನೆಯೊಂದರ ಅಡುಗೆಮನೆಯಲ್ಲಿ ಒಂದು ಫ್ರಿಜ್ಜಿತ್ತು. ಮುಟ್ಟಿದವರ ಕೈಗೆ ಜುಮ್ಮೆಂದು ಕರೆಂಟು ಹೊಡೆಯುತ್ತಿದ್ದರಿಂದ ಮನೆಯೊಡತಿ ಅಂಬುಜಮ್ಮ ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ಅದರ ಬಾಗಿಲು ತೆಗೆಯುತ್ತಿದ್ದರು. ‘ದೇವರ ಮುಂದೆ ಚಪ್ಪಲಿ ಬಿಡುತ್ತಾರೆ, ನನ್ನ ಮುಂದೆ ಹಾಕಿಕೊಳ್ಳುತ್ತಾರೆ. ನಾನೆಂದರೆ ಅಷ್ಟು ಭಯಭಕ್ತಿ!’ ಎಂದು ಫ್ರಿಜ್ಜು ತೂಕಡಿಸುತ್ತಲೇ ಬೀಗುತ್ತಿತ್ತು.

ಒಂದು ದಿನ ಹೊಸ ಎಲೆಕ್ಟ್ರಿಕ್ ಕಾರಿಗೆಂದು ವರಾಂಡದ ಗೋಡೆಗೆ ಚಾರ್ಜರು ಬಂತು. ಸ್ವಿಚ್ಚು ಹಾಕಿದರೆ ಕೆಂಪು ದೀಪ ಹೊತ್ತಿಸಿಕೊಂಡು ಸುಮ್ಮನೆ ಕೂತಿತು.

“ಏನಯ್ಯ, ಬಂದ ದಿನವೇ ಮುಷ್ಕರವೇ?” ಎಂದಿತು ಫ್ರಿಜ್ಜು.

“ಈ ಮನೆಯ ಅರ್ತಿಂಗ್ ಸತ್ತಿದೆ. ದಾರಿ ತಪ್ಪಿದ ಕರೆಂಟು ನೆಲಕ್ಕಿಳಿಯದೆ ಮನುಷ್ಯರ ಮೈಗೇ ಹರಿಯುವುದಾದರೆ ನಾನು ಕೆಲಸ ಮಾಡುವುದಿಲ್ಲ.”

“ನಾನು ಇಷ್ಟು ವರ್ಷ ಮಾಡಲಿಲ್ಲವೇ?”

“ಮಾಡಿದ್ದೀರಿ. ಆ ಚಪ್ಪಲಿ ನೋಡಿದರೇ ಗೊತ್ತಾಗುತ್ತದೆ.”

ಎಲೆಕ್ಟ್ರಿಷಿಯನ್ ಬಂದು, ಹಿತ್ತಲಿನ ದಾಸವಾಳದ ಪಕ್ಕದ ಅರ್ತಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿ, ಹೊಸ ತಂತಿ ಬಿಗಿದು, ಕೊಡಗಟ್ಟಲೆ ನೀರು ಹುಯ್ದ. ಗುಂಡಿಯ ಒಣಮಣ್ಣಿನಲ್ಲಿ ನೀರಿನದೇ ಕನಸು ಕಾಣುತ್ತ ಮಲಗಿದ್ದ ಕಬ್ಬಿಣದ ಕೊಳವೆ, ನೆನೆದು ಎಚ್ಚರಾಯಿತು. ಚಾರ್ಜರಿನ ದೀಪ ಹಸಿರಾಯಿತು. ಫ್ರಿಜ್ಜಿನ ಮೈಯಿಂದ ಎಂಥದೋ ಜ್ವರ ಇಳಿದು ಮಣ್ಣು ಸೇರಿತು.

ಮರುದಿನ ಬೆಳಿಗ್ಗೆ ಅಂಬುಜಮ್ಮ ನಿದ್ದೆಗಣ್ಣಿನಲ್ಲಿ ಬರಿಗಾಲಲ್ಲೇ ಬಂದು ಬಾಗಿಲು ಹಿಡಿದರು. ಕೈ ಜುಮ್ಮೆನ್ನಲಿಲ್ಲ. “ಅಯ್ಯೋ, ಏನೂ ಆಗಲಿಲ್ಲವಲ್ಲ!” ಎನ್ನುತ್ತ ಅಲ್ಲೇ ಬಿದ್ದಿದ್ದ ಚಪ್ಪಲಿಯನ್ನು ಕಾಲಿನಿಂದಲೇ ಮೂಲೆಗೆ ತಳ್ಳಿದರು.

‘ಮುಗಿಯಿತು, ಇನ್ನು ನನಗೆ ಯಾರು ಹೆದರುತ್ತಾರೆ?’ ಎಂದು ಫ್ರಿಜ್ಜು ನಡುಗಿತು.

ಅಷ್ಟರಲ್ಲಿ ಅಂಬುಜಮ್ಮ ಹಾಲು ಒಲೆಗಿಟ್ಟು, ಅದು ಕಾಯುವವರೆಗೆ ಫ್ರಿಜ್ಜಿನ ಬಾಗಿಲಿಗೆ ಕೆನ್ನೆಯಾನಿಸಿ ಕಣ್ಣು ಮುಚ್ಚಿ ನಿಂತರು. ಇಷ್ಟು ವರ್ಷಗಳಲ್ಲಿ ಯಾರೂ ಅದಕ್ಕೆ ಒರಗಿರಲಿಲ್ಲ. ಫ್ರಿಜ್ಜು ತನ್ನ ಗುರುಗುರು ಸದ್ದನ್ನೂ ನುಂಗಿಕೊಂಡು, ಅಲುಗಾಡದೆ ನಿಂತಿತು.