ಚೆಂಡಾಟಕ್ಕೆ ಏಳನೆಯವನು

ಕೇಳ್ರಪ್ಪಾ ಮಕ್ಕಳೇ, ಹೊಂಗೆನಾಡು ಅಂತ ಒಂದು ರಾಜ್ಯ ಇತ್ತು. ಅದಕ್ಕೂ ಪಕ್ಕದ ಬಿಲ್ವನಾಡಿಗೂ ನಡುವೆ ದೊಡ್ಡ ಹುಲ್ಲುಗಾವಲು. ಮೂರು ವರ್ಷಕ್ಕೊಂದು ಸಲ ಅಲ್ಲಿ ಚೆಂಡಾಟ. ಗೆದ್ದವರ ದನಗಳಿಗೆ ಮೂರು ವರ್ಷ ಅಲ್ಲಿ ಮೇವು. ಸೋತವರು ದನ ಹೊಡ್ಕೊಂಡು ಬೆಟ್ಟ ದಾಟಿ ಹೋಗಬೇಕು.

ಆಟಕ್ಕೆ ಒಂದೊಂದು ಕಡೆಗೂ ಏಳು ಜನ. ಚೆಂಡು ಎತ್ಕೊಂಡು ಆಚೆಯವರ ಗೆರೆ ದಾಟಬೇಕು. ನಡುವೆ ಎದುರಾಳಿಯ ಕೈ ಮೈಗೆ ತಾಗಿದರೆ ಚೆಂಡು ಕೆಳಗಿಟ್ಟು ಹೊರಗೆ ನಡೀಬೇಕು. ತಾಗಿತೋ ಇಲ್ಲವೋ ಅನ್ನೋಕೆ ಪಂಚರು ಗಿಂಚರು ಯಾರೂ ಇಲ್ಲ. ತಾಗಿಸಿಕೊಂಡವನೇ ಹೇಳಬೇಕು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅವನ ನಾಡೇ ಸೋತಂಗೆ.

ಹೊಂಗೆನಾಡಿನಲ್ಲಿ ಆಟಗಾರರನ್ನ ಆರಿಸೋನು ಮುದುಕ ಗುರು ಚಿಕ್ಕೀರಪ್ಪ. ಆರು ಜನ ಸಿಕ್ಕಿದ್ದರು. ಏಳನೆಯವನು ಜುಂಜನೋ, ಮೂಡಲಯ್ಯನೋ? ಮೂಡಲಯ್ಯ ಸುಮಾರಾಗಿ ಓಡ್ತಿದ್ದ. ಜುಂಜನ ಓಟ? ಅಬ್ಬಬ್ಬಾ! ಅವನು ಮೈ ತಿರುಗಿಸಿ ನುಣುಚಿಕೊಂಡರೆ ಚಿಕ್ಕೀರಪ್ಪನಿಗೆ ಮೈಯೆಲ್ಲ ಪುಳಕ.

ಒಂದು ದಿನ ಕುಂಬಾರರ ನಿಂಗಜ್ಜಿ ಬಂದಳು. "ಗುರುವೇ, ನಿನ್ನ ಜುಂಜ ನನ್ನ ಹಸಿ ಮಡಕೆಗಳನ್ನೆಲ್ಲ ತುಳಿದು ಹಾಕಿದ. ಕೇಳಿದರೆ ನಾಯಿ ತುಳೀತು ಅಂತಾನೆ."

"ಹೋಗ್ಲಿ ಬಿಡಜ್ಜಿ, ಹುಡುಗುಬುದ್ಧಿ," ಅಂದ ಚಿಕ್ಕೀರಪ್ಪ.

ಇನ್ನೊಂದು ದಿನ ಗಾಣದ ಕರಿಬಸಣ್ಣ ಬಂದ. "ಜುಂಜ ನನ್ನ ಎತ್ತು ಬಿಚ್ಕೊಂಡು ಹೋಗಿ ಓಡಿಸಿ ಕುಂಟು ಮಾಡಿದಾನೆ. ಮುಟ್ಟೇ ಇಲ್ಲ ಅಂತಾನೆ."

"ಆಟ ಮುಗೀಲಿ ತಡಿಯಪ್ಪ, ವಿಚಾರಿಸ್ತೀನಿ."

ಮೂರನೇ ಸಲ ಬಂದವನು ಮೂಡಲಯ್ಯ. "ಗುರುಗಳೇ, ಇವತ್ತು ಅಭ್ಯಾಸದಲ್ಲಿ ನನ್ನ ಕೈ ಜುಂಜನ ಬೆನ್ನಿಗೆ ತಾಗಿತು. ಅವನು ಇಲ್ಲ ಅಂದುಬಿಟ್ಟ."

"ನಿನಗೆ ಹೊಟ್ಟೆಕಿಚ್ಚು ಕಣೋ!" ಅಂದ ಚಿಕ್ಕೀರಪ್ಪ. ತಾಗಿದ್ದನ್ನ ಅವನೂ ಕಣ್ಣಾರೆ ಕಂಡಿದ್ದ. ಕಂಡೂ ಹಂಗಂದ! ಗೆಲ್ಲೋ ಆಸೆ, ಏನು ಹೇಳೋಣ. ಮೂಡಲಯ್ಯ ತಲೆ ತಗ್ಗಿಸಿಕೊಂಡು ಹೋದ. ಏಳನೆಯವನು ಜುಂಜನೇ ಆದ.

ಆಟದ ದಿನ ಎರಡೂ ಕಡೆ ಸಮಸಮ. ಕೊನೇ ಓಟ ಜುಂಜನದು. ಒಬ್ಬನನ್ನ ತಪ್ಪಿಸಿದ, ಇಬ್ಬರನ್ನ ತಪ್ಪಿಸಿದ, ಮೂರನೆಯವನ ಕೈ ಬೆನ್ನು ಸವರಿತು. ನಿಂತನಾ? ಎಲ್ಲಿ ಬಂತು! ಗೆರೆ ದಾಟೇಬಿಟ್ಟ. ಹೊಂಗೆನಾಡಿನವರು ಕುಣಿದರು.

ಬಿಲ್ವನಾಡಿನ ನಾಯಕ ದ್ಯಾವಣ್ಣ ಮೆಲ್ಲಗೆ ಕೇಳಿದ, "ತಮ್ಮಾ, ತಾಗಿತಾ?"

"ಇಲ್ಲ."

"ನಿಜವಾಗಲೂ?"

"ಇಲ್ಲ ಅಂದ್ನಲ್ಲ."

"ನಿನ್ನ ನಾಡಿನ ಮೇಲೆ ಆಣೆ ಇಟ್ಟು ಹೇಳ್ತೀಯಾ?"

"ಆಣೆ, ತಾಗಿಲ್ಲ!"

"ಹಂಗಾದರೆ ಒಸಿ ತಿರುಗಪ್ಪಾ."

ಬೆನ್ನ ಮೇಲೆ ಐದು ಬೆರಳಿನ ಅರಿಶಿನದ ಗುರುತು! ದ್ಯಾವಣ್ಣನ ಕಡೆಯವರೆಲ್ಲ ಅಂಗೈಗೆ ಅರಿಶಿನ ಕಲಸಿ ಬಳ್ಕೊಂಡೇ ಇಳಿದಿದ್ದರು. ಜುಂಜನ ಸುಳ್ಳಿನ ಸುದ್ದಿ ಅವರ ಸಂತೆಗೂ ಮುಟ್ಟಿತ್ತು. ಕುಣೀತಿದ್ದವರು ಕಲ್ಲಾದರು.

ಹೊಂಗೆನಾಡಿನ ರಾಜ ಚಿಕ್ಕೀರಪ್ಪನನ್ನ ಕರೆದ. "ಇವನ ಬುದ್ಧಿ ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಮಹಾಸ್ವಾಮಿ," ಅಂದ ಮುದುಕ.

ಮಾರನೇ ಬೆಳಗ್ಗೆ ಊರಿಗೆ ಊರೇ ದನ ಹೊಡ್ಕೊಂಡು ಬೆಟ್ಟದ ಕಡೆ ಹೊರಟಿತು. ಚಿಕ್ಕೀರಪ್ಪ ದಾರಿ ಬದೀಲಿ ನಿಂತಿದ್ದ. ಯಾರೂ ಬೈಲಿಲ್ಲ. ಬೈದಿದ್ದರೆ ಅವನ ಸಂಕಟ ಸ್ವಲ್ಪ ಕಮ್ಮಿಯಾಗ್ತಿತ್ತೇನೋ, ಪಾಪ.

ಕೊನೆಗೆ ಜುಂಜ ಬಂದ. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

"ಗುರುಗಳೇ, ಯಾವತ್ತಾದರೂ ಒಂದು ಸಲ ನನ್ನ ಕಿವಿ ಹಿಂಡಬಾರದಿತ್ತಾ?" ಅಂದ. "ನೀವು ಸುಮ್ಮನಿದ್ದಿರಿ. ನಾನು ಸರಿ ಅಂತಲೇ ತಿಳ್ಕೊಂಡೆ."



ಅದಕ್ಕೇ ಮಕ್ಕಳೇ, ಯಾರನ್ನಾದರೂ ಆರಿಸೋವಾಗ ಕೈಚಳಕದ ಜೊತೆಗೆ ಗುಣಾನೂ ನೋಡಬೇಕು. ತಪ್ಪು ಕಂಡರೆ ಅವತ್ತೇ ಹೇಳಬೇಕು. ಕಂಡೂ ಸುಮ್ಮನಿದ್ದರೆ ನಾಡು ಕೆಡೋದಷ್ಟೇ ಅಲ್ಲ, ನಾವು ಮೆಚ್ಚಿದ ಹುಡುಗನನ್ನ ನಾವೇ ಕೆಡಿಸಿದಂಗೆ.