ಮುದಿ ವಿಮಾನದ ಫೋಟೋ

ನಲವತ್ತು ವರ್ಷ ಶೆಡ್ಡಲ್ಲಿ ತುಕ್ಕು ಹಿಡಿದಿದ್ದ ಯುದ್ಧದ ಮುದಿ ವಿಮಾನಾನ ರಿಪೇರಿ ಮಾಡಿ ಏರ್ ಶೋದಲ್ಲಿ ಹಾರಿಸಿದ್ರು ಕಣ್ರಪ್ಪಾ. ಹಾರಿದ್ದಕ್ಕೆ ಸಾಕ್ಷಿಯಾಗಿ ಒಂದು ಫೋಟೋ ಬೇಕು ಅಂತ ಅದಕ್ಕೆ ಆಸೆ.

"ನಾನು ಕಣ್ಣು ಮಿಟುಕಿಸಿದ್ರೆ ಜೇನ್ನೊಣದ ರೆಕ್ಕೇನೂ ನಿಂತುಬಿಡುತ್ತೆ ತಾತಾ!" ಅಂತ ಜಂಬ ಕೊಚ್ಚಿದ ಹೊಸ ಕ್ಯಾಮೆರಾ, ಅದು ಹಾರ್ತಿದ್ದಾಗ ಪಟ್ಟಂತ ಫೋಟೋ ಹೊಡೀತು.

ಇಳಿದು ಬಂದ ವಿಮಾನ ಫೋಟೋ ನೋಡಿ ಕೆಂಡ ಆಯ್ತು. "ಲೇ ತರಲೆ, ನನ್ನ ಮೂತೀಲಿ ತಿರುಗೋ ಫ್ಯಾನು ಇದ್ರಲ್ಲಿ ನಿಂತೇಹೋಗಿದೆಯಲ್ಲೋ! ನೋಡಿದೋರು ಎಂಜಿನ್ ಕೆಟ್ಟು ಬೀಳ್ತಿದೆ ಅನ್ನಲ್ವಾ? ನಿಧಾನವಾಗಿ ಮಿಟುಕಿಸು. ನಾನು ಹೋದ ಕಡೆ ಕತ್ತು ತಿರುಗಿಸ್ತಾ ನೋಡು."

ಎರಡನೇ ಸುತ್ತು ಹಾರಿದಾಗ ಕ್ಯಾಮೆರಾ ಹಾಗೇ ಮಾಡ್ತು. ಫೋಟೋದಲ್ಲಿ ಫ್ಯಾನು ಗಿರ್ರಂತ ತಿರುಗಿ ಬೆಳ್ಳಿ ತಟ್ಟೆ ಥರ ಹೊಳೀತಿತ್ತು.

"ಇಷ್ಟು ದಿನ ಓಡೋರನ್ನೆಲ್ಲಾ ನಿಲ್ಲಿಸಿ, ಅವರ ಓಟಾನೇ ಹಿಡಿದುಬಿಟ್ಟೆ ಅಂದ್ಕೊಂಡಿದ್ನಲ್ಲ ತಾತಾ!" ಅಂತು ಕ್ಯಾಮೆರಾ.

"ಈಗ ಕಲ್ತೆಯಲ್ಲ, ಬಾ, ಇನ್ನೊಂದು ಸುತ್ತು!" ಅಂತ ಮುದಿ ವಿಮಾನ ನಗ್ತಾ ಗುಡುಗ್ತಾ ಮತ್ತೆ ಮೇಲಕ್ಕೇರ್ತು.